ತಳದ ಡಬ್ಬಿಯ ಡಿವಿಡಿ ರೈಟರ್

ನಮ್ಮ ಭಾವನವರು ಮಗಳಿಗೆ ವರನನ್ನು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಒಪ್ಪಿದವರು. ಅದೇ ಭಾವನವರಿಗೆ ಒಂದು ಡಿವಿಡಿ ರೈಟರ್ ಒಪ್ಪಿಗೆಯಾಗಲು ಇಡೀ ಬೇಸಿಗೆ ಬೇಕಾಯಿತು. ಅಳಿಯ ಒಳ್ಳೆಯವನೇ ಸಿಕ್ಕ, ಅದು ಶಿವನ ದಯೆ. ರೈಟರಿನ ವಿಷಯದಲ್ಲಿ ಶಿವನೂ ಕೆಲವು ದಿನ ದೂರ ನಿಂತು ನೋಡಿದ.

ಅವಸರವೇನೋ ಇತ್ತು. ಭಾವನವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಓಣಿಗೆಲ್ಲ ಕೇಳುವಂತೆ ಭಜನೆ ಹಾಡುತ್ತಿದ್ದವರು. ಗಂಟಲಿನ ಆಪರೇಷನ್ ಆದಮೇಲೆ ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಈಗ ಪಿಸುಮಾತಷ್ಟೇ. ಹಿಂದೆ ಭಾವನವರು ರೆಕಾರ್ಡ್ ಮಾಡಿಟ್ಟ ಅವರ ಹಾಡುಗಳಿರುವುದು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದನ್ನು ಚಾಲೂ ಮಾಡಿದರೆ ಒಳಗೆ ಯಾರೋ ಕೂತು ಅಡಿಕೆ ಕತ್ತರಿಸಿದಂತೆ ಕಟಕಟ ಸದ್ದು. ಅದು ಕಣ್ಣು ಮುಚ್ಚುವುದರೊಳಗೆ ರೈಟರ್ ತಂದು ಹಾಡುಗಳನ್ನು ಡಿಸ್ಕಿಗೆ ಇಳಿಸಬೇಕೆಂದು ಭಾವನವರ ಹಟ.

"ಪೆನ್‌ಡ್ರೈವ್‌ನ್ಯಾಗ ಹಾಕ್ರಿ ಭಾವಾರ," ಎಂದೆ.

"ಅದು ಧೋತರದ ಕೂಡ ಒಗಿಯಾಕ ಹೋಗ್ತೈತಿ ತಂಗಿ."

"ಮೊಬೈಲ್‌ನ್ಯಾಗ?"

"ಅದು ನನಗಿಂತ ಮೊದಲ ಸಾಯ್ತೈತಿ."

ಇಂಥ ಹಳೆಯ ಸಾಮಾನು ಈಗೆಲ್ಲಿ ಎಂದು ಕೇಶ್ವಾಪುರದ ಅಂಗಡಿಗಳವರು ನಕ್ಕು ಕಳಿಸಿದರು. ದುರ್ಗದಬೈಲಿನ ಒಂದು ಅಂಗಡಿಯಲ್ಲಿ ಮಾತ್ರ ಒಂದರ ಮೇಲೊಂದು ರೈಟರಿನ ಡಬ್ಬಿಗಳಿದ್ದವು. ಕಾಯಿಪಲ್ಲೆಗೆಂದು ಜೊತೆಗೆ ಹೋಗಿದ್ದ ನಾನೇ ಸಾಕ್ಷಿ. ಭಾವನವರು ಜನ್ಮವೆಲ್ಲ ಕಾಳಿನ ವ್ಯಾಪಾರ ಮಾಡಿದವರು. ಚೀಲದ ಮೇಲಿನ ಕಾಳನ್ನು ಅವರು ನಂಬುವುದುಂಟೆ? ತಳಕ್ಕೆ ಕೈ ಹಾಕಿ ಹಿಡಿ ತೆಗೆದು ನೋಡಲೇಬೇಕು.

"ತಳದ ಡಬ್ಬಿ ಕೊಡು," ಎಂದರು.

"ಕಾಕಾ, ಮ್ಯಾಲಿಂದಽ ಹೊಸಾದು ಐತ್ರಿ," ಎಂದ ಅಂಗಡಿಯವ.

"ಮ್ಯಾಲಿಂದು ತೋರ್ಸಾಕ ಇಟ್ಟಿರ್ತೀರಿ. ನನಗ ಕಲಿಸಬ್ಯಾಡ."

ತಳದ ಡಬ್ಬಿ ಬಂತು. ಬಣ್ಣ ಮಾಸಿತ್ತು, ಮೂಲೆಗೆ ಹಲ್ಲಿಯ ಮೊಟ್ಟೆಯ ಸಿಪ್ಪೆ ಅಂಟಿತ್ತು. ಕಾಳಿನ ಚೀಲದ ತಳದಲ್ಲಿ ಸತ್ಯವಿರಬಹುದು. ಕಂಪ್ಯೂಟರ್ ಅಂಗಡಿಯ ತಳದಲ್ಲಿ ಇರುವುದು ಯಾರೂ ಒಯ್ಯದ ಮಾಲು.

ಒಳಗೆ ಹಾಕಿದ ಡಿಸ್ಕನ್ನೆಲ್ಲ ಆ ರೈಟರ್ ಕೆಡಿಸಿತು. ಕೆಟ್ಟವನ್ನು ನಾನು ಮಾಳಿಗೆಯ ಮೇಲೆ ದಾರಕ್ಕೆ ಕಟ್ಟಿದೆ. ಸಂಡಿಗೆ ತಿನ್ನಲು ಬರುತ್ತಿದ್ದ ಪಾರಿವಾಳಗಳು ಆ ಹೊಳಪಿಗೆ ಹೆದರಿ ಹಾರಿಹೋದವು. ಸಂಡಿಗೆಯಾದರೂ ಉಳಿಯಿತಲ್ಲ, ದೇವರು ದೊಡ್ಡವನು.

ಅಂಗಡಿಯವ ಪುಣ್ಯಾತ್ಮ, ಬದಲಿಗೆ ಮೇಲಿನ ಡಬ್ಬಿ ಕೊಟ್ಟ. ಈ ಸಲ ಪೂಜೆ ಮಾಡಿಯೇ ಮುಟ್ಟುವುದೆಂದು ಭಾವನವರ ಅಪ್ಪಣೆ. ಪೂಜೆ ಬೇಡವೆನ್ನುವವಳಲ್ಲ ನಾನು. ಆದರೆ ಅವರು ರೈಟರಿನ ತಟ್ಟೆ ಹೊರಗೆಳೆದು, ಒಳಗಿನ ಗಾಜಿನ ಕಣ್ಣಿಗೇ ವಿಭೂತಿ ಬಳಿಯಲು ಹೊರಟಾಗ ವಿಭೂತಿಯ ಬಟ್ಟಲನ್ನೇ ಎತ್ತಿಕೊಂಡೆ.

"ಡಬ್ಬಿ ಮ್ಯಾಲ ಹಚ್ರಿ ಭಾವಾರ. ಕಣ್ಣಾಗ ಹಾಕಿದ್ರ ಅದಕ್ಕೇನ್ ಕಾಣ್ತೈತ್ರಿ?"

"ನಿನಗ ಭಕ್ತಿ ಕಡಿಮಿ ಆತು."

"ಭಕ್ತಿ ಐತ್ರಿ. ಡಿಸ್ಕ್ ಒಂದಽ ಉಳದೈತ್ರಿ."

ಉಳಿದಿದ್ದ ಕೊನೆಯ ಡಿಸ್ಕು ಸರಿಯಾಗಿ ಬಂತು. ಸುಡುವ ಮಧ್ಯಾಹ್ನ, ಎಲ್ಲರೂ ಸುತ್ತ ಕೂತು ಕೇಳಿದೆವು. ಹಾಡಿಗೆ ಮೊದಲು ನೆಗೆಣ್ಣಿಯ ಆ ಗಟ್ಟಿ ಧ್ವನಿ ಬಂತು: "ಏನ್ರೀ, ಫ್ಯಾನ್ ಬಂದ್ ಮಾಡ್ರಿ ಅಂದ್ನೆಲ್ಲಾ. ಕಿವಿ ಕೇಳ್ತಾವಿಲ್ಲ?"

"ಬೈದದ್ದು ತಗದು ಹಾಡಷ್ಟಽ ಇಡಾಕ ಬರ್ತೈತೇನ್ರಿ?" ಎಂದೆ ನಾನು.

ಭಾವನವರು ಎದ್ದು ಹೋಗಿ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನ್ ಬಂದ್ ಮಾಡಿ, ಬಂದು ಹೆಂಡತಿಯ ಪಕ್ಕದಲ್ಲಿ ಕೂತರು. ಹಾಡು ಮುಗಿಯುವವರೆಗೂ ನೆಗೆಣ್ಣಿ ಸೆರಗಿನಿಂದ ಅವರಿಗೆ ಗಾಳಿ ಬೀಸುತ್ತಲೇ ಇದ್ದರು.