ಸೈಕಲ್ಲಿಗೆ ಸಮಾನವಾದ ಕುದುರೆ

ಕಿರಿಯರು ಹಣ ಸಂಪಾದಿಸಬಹುದು, ಆದರೆ ಯಾತಕ್ಕೆಂದು ಮೊದಲು ಹೇಳಿ ಆಮೇಲೆ ಸಂಪಾದಿಸಬೇಕು ಎಂಬುದು ಆ ಊರಿನ ಕಾನೂನು. ಹಿರಿಯರಿಗೆ ಈ ಕಾನೂನು ಇರಲಿಲ್ಲ. ಯಾತಕ್ಕೆ ಸಂಪಾದಿಸುತ್ತೀರಿ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ, ಸುಮ್ಮನೆ ಮುಜುಗರ ಎಂದು ಅವರನ್ನು ಬಿಟ್ಟಿದ್ದರು. ಕಿರಿಯರಿಗೆಂದೇ ಮಾರುಕಟ್ಟೆಯ ಹಿಂದೆ ಕಿರಿಯರ ಸಂಪಾದನಾ ಕಚೇರಿ ಇತ್ತು. ಅಲ್ಲಿ ಒಬ್ಬರು ಸಾಹೇಬರು, ಕೆಲವು ಗುಮಾಸ್ತರು, ಒಬ್ಬ ಕ್ಯಾಷಿಯರು, ಗೇಟು ಕಾಯುವವನೊಬ್ಬ ಇದ್ದರು. ಇವರೆಲ್ಲರ ಸಂಪಾದನೆ ಸಾಂಗವಾಗಿ ನಡೆದಿತ್ತು.

ಬಟ್ಟೆ ಹೊಲಿಯುವವಳ ಮಗಳಿಗೆ ಕುದುರೆ ಬೇಕಾಗಿತ್ತು. ಯಾವುದೋ ಒಂದು ಕುದುರೆಯಲ್ಲ, ಐಸ್ ಅಜ್ಜನ ಕುದುರೆ. ಅಂಗಡಿಯಿಂದ ಅಂಗಡಿಗೆ ಐಸ್ ಗಡ್ಡೆಯ ಗಾಡಿ ಎಳೆಯುತ್ತಿದ್ದ ಅದಕ್ಕೆ ಅಜ್ಜ ಮೈಗಳ್ಳ ಎಂದು ಹೆಸರಿಟ್ಟಿದ್ದ. ಎಲ್ಲಿ ನಿಂತಿತೋ ಅಲ್ಲಿಂದ ಕದಲುವುದು ಅದರ ಜಾಯಮಾನದಲ್ಲಿ ಇರಲಿಲ್ಲ. ಹುಡುಗಿ ಬಂದು ಕಿವಿಯ ಹಿಂದೆ ಕೆರೆದರೆ ಮಾತ್ರ, ನಿನಗೋಸ್ಕರ ಎನ್ನುವಂತೆ ಒಂದು ನಿಟ್ಟುಸಿರು ಬಿಟ್ಟು ಹೆಜ್ಜೆ ಎತ್ತುತ್ತಿತ್ತು. ಮೊಣಕಾಲೆತ್ತರ ಇದ್ದಾಗಿನಿಂದ ಅವಳಿಗೆ ಅದೇ ಕೆಲಸ.

ಐಸ್ ಫ್ಯಾಕ್ಟರಿಯವರು ಲಾರಿ ತಂದರು. ಅಜ್ಜನಿಗೆ ಮಗಳ ಮನೆಯಿಂದ ಕರೆ ಬಂತು.

"ಮಗಳ ಮನೆ ಮೂರನೇ ಮಹಡಿ. ನನ್ನ ಎರಡು ಮಂಡಿ ಹತ್ತಿಸೋದೇ ಕಷ್ಟ, ಇವನ ನಾಲ್ಕು ಮಂಡಿ ಯಾರು ಹತ್ತಿಸ್ತಾರೆ?" ಎಂದ ಅಜ್ಜ.

ಆಗಲೇ ಒಬ್ಬ ಗಿರಾಕಿ ಬಂದು ಹೋಗಿದ್ದ. ಕುದುರೆ ಕೊಳ್ಳುವವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಇವನು ಹಲ್ಲು ನೋಡಲಿಲ್ಲ. ಅಂಗಡಿಯಲ್ಲಿ ಕಂಬಳಿ ಮುಟ್ಟಿ ನೋಡುವಂತೆ ಬೆನ್ನಿನ ತೊಗಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಚರ್ಮದ ವ್ಯಾಪಾರಿ. ಹುಡುಗಿ ಅಜ್ಜನ ಬಳಿಗೆ ಓಡಿದಳು.

"ಮುಂದಿನ ತಿಂಗಳ ಕೊನೆ ತನಕ ತಡೀತೀನಿ ಪುಟ್ಟಿ. ಅವನು ಕೊಡೋಷ್ಟೇ ನೀನೂ ಕೊಡು, ಸಾಕು. ಬಿಟ್ಟಿ ಕೊಡೋಣ ಅಂದ್ರೆ ಬರಿಗೈಲಿ ಹೋಗಬೇಕಾಗುತ್ತೆ. ಅಳಿಯ ಒಳ್ಳೆಯವನೇ, ಆದ್ರೆ ಕೈ ನೋಡಿ ಆಮೇಲೆ ಮುಖ ನೋಡ್ತಾನೆ."

ಅಮ್ಮ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಎರಡು ಕಾಲಿಂದನ್ನ ಸಾಕೋದ್ರಲ್ಲೇ ನನ್ನ ಸೊಂಟ ಬಿದ್ದುಹೋಗಿದೆ, ಇನ್ನು ನಾಲ್ಕು ಕಾಲಿಂದು ಬೇರೆ" ಎಂದಳು. ಹಲ್ಲಿನಿಂದ ದಾರ ಕಡಿದು, "ದುಡಿದು ತಗೋ ಹೋಗು. ಬೇಡ ಅನ್ನೋದಿಲ್ಲ" ಎಂದೂ ಹೇಳಿದಳು.

ಶಾಲೆಗೆ ಬೇಸಿಗೆ ರಜೆ. ಹುಡುಗಿ ದುಡಿದಳು. ಬೆಳಿಗ್ಗೆ ಸೋಡಾ ಅಂಗಡಿಯ ಬಾಟಲಿ ತೊಳೆದಳು. ಮಧ್ಯಾಹ್ನ ಇಸ್ತ್ರಿಯವನ ಬಳಿ ಬಟ್ಟೆ ಮಡಿಚಿದಳು. ಸಂಜೆ ಹಲ್ಲಿನ ಡಾಕ್ಟರ ನಾಯಿಯನ್ನು ವಾಕಿಂಗ್ ಕರೆದೊಯ್ದಳು. ಎಳೆದದ್ದು ಯಾರು, ಹಿಂದೆ ಓಡಿದ್ದು ಯಾರು ಎಂಬುದು ಬೇರೆ ಮಾತು. ವಾರ ತುಂಬುವುದರೊಳಗೆ ಕಚೇರಿಯ ದೊಡ್ಡ ಗುಮಾಸ್ತರು ಸೋಡಾ ಕುಡಿಯಲು ಬಂದವರು ಅವಳ ಒದ್ದೆ ಕೈ ನೋಡಿದರು.

"ಯಾತಕ್ಕಮ್ಮ ಸಂಪಾದನೆ?"

"ಕುದುರೆಗೆ ಸಾರ್."

"ಅನುಮತಿ?"

ಕೈ ಒರೆಸಿಕೊಂಡು ಅವರ ಹಿಂದೆಯೇ ಕಚೇರಿಗೆ ಹೋಗಬೇಕಾಯಿತು. ಗೋಡೆಯ ಮೇಲೆ ಒಂದು ಹಲಗೆ, ಅದರ ಮೇಲೆ ಕಿರಿಯರು ಯಾವ ಯಾವುದಕ್ಕೆ ಸಂಪಾದಿಸಬಹುದೆಂಬ ವಿವರ: ಪುಸ್ತಕ, ಕೊಡೆ, ಚಪ್ಪಲಿ, ಅಜ್ಜಿಯ ಕನ್ನಡಕ, ಸೈಕಲ್.

"ಕುದುರೆ ಇಲ್ಲವಲ್ಲಮ್ಮ."

"ಇದೆ ಸಾರ್, ಫ್ಯಾಕ್ಟರಿ ಹಿಂದೆ ಕಟ್ಟಿದೆ."

"ಹಲಗೆ ಮೇಲೆ ಇಲ್ಲ ಅಂದೆ. ಹಲಗೆ ಮೇಲೆ ಇಲ್ಲದ್ದು ಎಲ್ಲಿ ಕಟ್ಟಿದ್ರೂ ಇಲ್ಲ." ಗುಮಾಸ್ತರು ಕಟುಕರಲ್ಲ. ಹಲಗೆಯನ್ನು ಇನ್ನೊಮ್ಮೆ ಓದಿದರು. "ಅದರ ಮೇಲೆ ಕೂತು ಹೋಗ್ತೀಯಾ?"

"ಹೂಂ ಸಾರ್."

"ಹಾಗಾದ್ರೆ ಸೈಕಲ್ ಅಂತ ಇಟ್ಕೊಳ್ಳೋಣ. ಬೆಲ್ ಇದೆಯಾ?"

"ಇಲ್ಲ ಸಾರ್. ಕೆನೆಯುತ್ತೆ."

"ಲ್ಯಾಂಪು?"

"ಅದಕ್ಕೆ ಕತ್ತಲಲ್ಲೂ ಕಣ್ಣು ಕಾಣುತ್ತೆ ಸಾರ್."

"ಅದಕ್ಕೆ ಕಂಡ್ರೆ ಸಾಲದು, ಎದುರಿಗೆ ಬರೋರಿಗೆ ಅದು ಕಾಣಬೇಕು. ಬೆಲ್ಲು ಲ್ಯಾಂಪು ಹಾಕಿಸಿ ಒಂದನೇ ತಾರೀಕು ಹಾಜರುಪಡಿಸು. ಸಾಹೇಬರು ನೋಡಿ ಸೈಕಲ್ ಅಂತ ಒಪ್ಪಿದ್ರೆ ಅನುಮತಿ. ಅಲ್ಲೀತನಕ ಒಂದು ಕಾಸೂ ಸಂಪಾದಿಸೋ ಹಾಗಿಲ್ಲ."

ಹಾಲಿನವನ ಮುರುಕು ಸೈಕಲ್ಲಿನಿಂದ ಬೆಲ್ಲು, ಲ್ಯಾಂಪು ಕೇಳಿ ತಂದು, ದಾರದಲ್ಲಿ ಪೋಣಿಸಿ ಮೈಗಳ್ಳನ ಕೊರಳಿಗೆ ಕಟ್ಟಿ, ಒಂದನೇ ತಾರೀಕು ಹುಡುಗಿ ಗೇಟಿನ ಮುಂದೆ ನಿಂತಳು. ಸಾಹೇಬರು ಊರಲ್ಲಿ ಇರಲಿಲ್ಲ. ಕೊಡೆಗಳ ಪರಿಶೀಲನೆಗೆ ಹೋಗಿದ್ದರು. ಮಳೆ ಬಾರದೆ ಕೊಡೆಯನ್ನು ಪರಿಶೀಲಿಸಲು ಬಾರದು, ಆದ್ದರಿಂದ ಅಲ್ಲೇ ಕೋಣೆ ಹಿಡಿದು ಮಳೆ ಕಾಯುತ್ತಿದ್ದರು. ಬಾಗಿಲ ಪಕ್ಕದಲ್ಲಿ ಪ್ರಕಟಣೆ ಅಂಟಿಸಿತ್ತು.

"ಹಾಜರುಪಡಿಸಿದ ವಸ್ತುವು ಪರಿಶೀಲನೆ ಆಗುವವರೆಗೂ ಕಚೇರಿಯ ವೇಳೆಯಲ್ಲಿ ಕಚೇರಿಯ ಆವರಣದಲ್ಲೇ ಇರತಕ್ಕದ್ದು. ಇಲ್ಲದಿದ್ದಲ್ಲಿ ಅದು ಇಲ್ಲವೇ ಇಲ್ಲವೆಂದು ತಿಳಿಯತಕ್ಕದ್ದು."

ಇಲ್ಲಿ ಗೇಟಿನ ಪದ್ಧತಿ ಹೇಳಬೇಕು. ಬೆಳಿಗ್ಗೆ ಒಳಗೆ ಬಂದ ಪ್ರತಿಯೊಬ್ಬರಿಗೂ ಗೇಟಿನವನು ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ. ಸಂಜೆ ಕಚೇರಿ ಮುಚ್ಚುವಾಗ ಬಿಲ್ಲೆ ವಾಪಸು ಬಂದರೆ ಆ ದಿನದ ಹಾಜರಿ. ಸಂಬಳ ಬಿಲ್ಲೆಗೆ, ಹೆಸರಿಗಲ್ಲ. ಹೆಸರುಗಳು ಬದಲಾಗುತ್ತವೆ, ಹಿತ್ತಾಳೆ ಬದಲಾಗುವುದಿಲ್ಲ ಎಂದು ಹಿಂದಿನ ಸಾಹೇಬರೊಬ್ಬರು ಮಾಡಿದ್ದ ಏರ್ಪಾಡು. ಗುಮಾಸ್ತರೆಲ್ಲ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗಿ, ಅದನ್ನು ಕಿಟಕಿಯ ಮೊಳೆಗೆ ನೇತುಹಾಕಿ, ಹಿಂದಿನ ಸಂದಿಯಿಂದ ಹೊರಗೆ ಹೋಗುತ್ತಿದ್ದರು. ಒಂದೊಂದು ದಿನ ಸಂಜೆ ಬಿಲ್ಲೆ ಇಳಿಸುವುದಕ್ಕೂ ಯಾರೂ ಇರುತ್ತಿರಲಿಲ್ಲ.

ಗೇಟಿನವನ ಕೈಯಲ್ಲಿ ಉಳಿದಿದ್ದದ್ದು ಒಂದೇ ಬಿಲ್ಲೆ, ಎಂದೋ ರಜೆ ಮೇಲೆ ಹೋದವರದು.

"ಮಾವ, ನನಗೆ?" ಎಂದಳು ಹುಡುಗಿ.

"ತಲೆ ಇದ್ದೋರಿಗೆಲ್ಲ ಕೊಡು ಅಂತ ಆರ್ಡರು. ಇರೋದು ಒಂದು. ಯಾರ ತಲೆ ದೊಡ್ಡದು ನೀನೇ ಹೇಳು." ಬಿಲ್ಲೆ ಮೈಗಳ್ಳನ ಕೊರಳಿಗೆ ಹೋಯಿತು. "ನೀನು ಅದರ ಸಾಮಾನು. ಸಾಮಾನಿಗೆ ಬಿಲ್ಲೆ ಇಲ್ಲ."

ಹಿಂದಿನ ಸಂದಿಯಲ್ಲಿ ಮೈಗಳ್ಳ ಹಿಡಿಸುತ್ತಿರಲಿಲ್ಲ. ಹಿಡಿಸಿದ್ದರೂ ಹೋಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲುವುದು ಅದರ ಸ್ವಭಾವ. ಹೀಗಾಗಿ ಕಚೇರಿ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಬ್ಬರು ಬೆಳಿಗ್ಗೆ ಮುಂದಿನ ಗೇಟಿನಿಂದ ಬಂದು, ದಿನವೆಲ್ಲ ಒಳಗಿದ್ದು, ಸಂಜೆ ಅದೇ ಗೇಟಿನಿಂದ ಹೋಗತೊಡಗಿದರು. ಜನ ಅದರ ಮುಂದೆ ಸಾಲು ನಿಂತರು. ಕಿಟಕಿಯಲ್ಲಿ ಯಾರೂ ಇಲ್ಲದಾಗ ಅದಕ್ಕೇ ತಮ್ಮ ಕಷ್ಟ ಹೇಳಿಕೊಂಡರು. "ನಾಳೆ ಬಾ ಅನ್ನಲಿಲ್ಲ ಕಣ್ರೀ, ಪೂರ್ತಿ ಕೇಳಿಸಿಕೊಂಡಿತು" ಎಂದು ಮೆಚ್ಚಿದರು.

ಹುಡುಗಿಯ ದುಃಖ ಬೇರೆ. ಕುದುರೆಗೆ ಕಾವಲು ನಿಂತು ಕೈಗೆ ಕಾಸು ಹುಟ್ಟಲಿಲ್ಲ. ತಿಂಗಳು ಸವೆಯುತ್ತಿತ್ತು. ಚರ್ಮದ ವ್ಯಾಪಾರಿ ಆಗಾಗ ಬೇಲಿಯಾಚೆ ನಿಂತು, "ಸ್ವಲ್ಪ ಉಜ್ಜಮ್ಮ ಮೈನ, ಹೊಳಪು ಬರಲಿ" ಎಂದು ಬುದ್ಧಿ ಹೇಳಿ ಹೋಗುತ್ತಿದ್ದ.

ತಿಂಗಳ ಕೊನೆಯ ದಿನ ಸಾಹೇಬರು ಒಣ ಕೊಡೆಯೊಂದಿಗೆ ಮರಳಿದರು. ಅಂದೇ ಐಸ್ ಅಜ್ಜ ಗಂಟುಮೂಟೆಯೊಂದಿಗೆ, ವ್ಯಾಪಾರಿ ಹಗ್ಗದೊಂದಿಗೆ ಬಂದರು. ಅಂದೇ ಸಂಬಳ. ಕ್ಯಾಷಿಯರು ಬಿಲ್ಲೆಗಳ ಲೆಕ್ಕ ಹಿಡಿದು ಓಡಿ ಬಂದರು.

"ಸಾರ್, ಪೂರ್ಣ ಹಾಜರಿಯ ಬಹುಮಾನ ಒಂದು ಬಿಲ್ಲೆಗೆ ಬಂದಿದೆ. ಇದುವರೆಗೆ ಯಾರಿಗೂ ಬಂದಿರಲಿಲ್ಲ. ಸಂಬಳ, ಬಹುಮಾನ ಎರಡೂ ಕೈಗೇ ಕೊಡಬೇಕು ಅಂತ ನಿಯಮ. ಆದರೆ ಅವರಿಗೆ ಕೈ ಇಲ್ಲ."

ಸಾಹೇಬರು ಹೊರಗೆ ಬಂದು ಅವರನ್ನು ನೋಡಿದರು.

"ಸಾರ್, ಆ ದುಡ್ಡು ನನಗೆ ಕೊಟ್ರೆ ಅಜ್ಜನಿಗೆ ಕೊಟ್ಟು ಕುದುರೆ ತಗೋತೀನಿ" ಎಂದಳು ಹುಡುಗಿ.

ಸಾಹೇಬರಿಗೆ ನೋವಾಯಿತು. "ಒಬ್ಬರು ದುಡಿದದ್ದನ್ನ ಇನ್ನೊಬ್ಬರು ತಿನ್ನೋದು ಲಂಚಕ್ಕೆ ಸಮ. ಈ ಕಚೇರಿಯಲ್ಲಿ ಅಂಥದ್ದು ನಡೆದಿಲ್ಲ." ಕಿಟಕಿಯೊಳಗೆ ಕೂತಿದ್ದ ದೊಡ್ಡ ಗುಮಾಸ್ತರು ತಮ್ಮ ಮೇಜಿನ ಖಾನೆಯನ್ನು ಮೊಣಕಾಲಿನಿಂದ ಮೆಲ್ಲಗೆ ಒಳತಳ್ಳಿದರು. "ದುಡಿದವರು ತಮಗೆ ಬೇಕಾದ್ದು ತಗೋಬಹುದು. ಅದಕ್ಕೆ ಏನು ಬೇಕು?" ಎಂದರು ಸಾಹೇಬರು.

"ಅದಕ್ಕೆ ಅದೇ ಬೇಕು ಸಾರ್" ಎಂದಳು ಹುಡುಗಿ.

ಹಾಗೆ ಮೈಗಳ್ಳ ತನ್ನನ್ನು ತಾನೇ ಕೊಂಡುಕೊಂಡಿತು. ಕ್ಯಾಷಿಯರು ಹಣವನ್ನು ಅದರ ಗೊರಸಿಗೆ ಮುಟ್ಟಿಸಿ ಅಜ್ಜನಿಗೆ ಕೊಟ್ಟರು. ಅಜ್ಜ ಕುದುರೆ ಹಿಡಿದಿದ್ದ ಹಗ್ಗವನ್ನು ಕೈಯಿಂದ ಬಿಡಿಸಿ ಅದರ ಕೊರಳಿಗೇ ಸುತ್ತಿ, "ನಿನ್ನ ಜೋಪಾನ ಇನ್ನು ನಿಂದೇ ಕಣಪ್ಪ" ಎಂದ.

"ನಾನು ಯಾರ ಹತ್ರ ಮಾತಾಡಬೇಕು?" ಎಂದ ವ್ಯಾಪಾರಿ.

"ಮಾಲೀಕರ ಹತ್ರ" ಎಂದರು ಸಾಹೇಬರು.

ಅವನು ಮಾಲೀಕರ ಮುಂದೆ ಹೋಗಿ ನಿಂತ. ಮಾಲೀಕರು ದೊಡ್ಡದಾಗಿ ಆಕಳಿಸಿದರು. ಅವನು ಅದರ ಹಲ್ಲು ನೋಡಿದ್ದು ಅದೇ ಮೊದಲು.

"ವಯಸ್ಸೆಷ್ಟು?" ಎಂದು ದೊಡ್ಡ ಗುಮಾಸ್ತರು ತಟ್ಟನೆ ಕೇಳಿದರು.

"ಹನ್ನೊಂದು" ಎಂದ ಅಜ್ಜ.

ಹನ್ನೊಂದು ಎಂದರೆ ಕಿರಿಯ. ಕಿರಿಯ ಯಾತಕ್ಕೆಂದು ಹೇಳದೆ ಸಂಪಾದಿಸಿದ್ದಾನೆ, ಅದೂ ಇದೇ ಕಚೇರಿಯಲ್ಲಿ. ಉದ್ದೇಶ ಹೇಳದಿದ್ದರೆ ಸಂಬಳ ವಾಪಸು, ಮಾರಾಟ ರದ್ದು. ವ್ಯಾಪಾರಿ ತನ್ನ ಹಗ್ಗವನ್ನು ಬಿಚ್ಚಿದ. ಹುಡುಗಿ ಕುದುರೆಯ ಕತ್ತು ತಬ್ಬಿಕೊಂಡಳು.

ಅರ್ಧ ಹೊಲಿದ ಅಂಗಿಯ ತೋಳೊಂದನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಅಮ್ಮ ಆಗಲೇ ಬಂದು ಗೇಟಿನಲ್ಲಿ ನಿಂತಿದ್ದಳು.

"ಹುಡುಗಿಗೋಸ್ಕರ ಅಂತ ಬರ್ಕೊಳ್ಳಿ" ಎಂದಳು. "ಇಷ್ಟು ದಿನ ಇವಳು ಅದಕ್ಕೋಸ್ಕರ ಬಾಟಲಿ ತೊಳೆದಳು. ಇನ್ನು ಅದು ಇವಳಿಗೋಸ್ಕರ ದುಡೀಲಿ. ಕಾಯಂ ಕೆಲಸ, ಕುಡಿಯಲ್ಲ, ಸೇದಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತೆ. ಇವಳಪ್ಪನಿಗಿಂತ ವಾಸಿ."

ಗುಮಾಸ್ತರು ಹಲಗೆ ನೋಡಿದರು. "ಹುಡುಗಿ ಇಲ್ಲವಲ್ಲ ತಾಯಿ."

"ಹತ್ತಿರದ್ದು ಯಾವುದಿದೆ ನೋಡಿ. ಹೋದ್ಸಲ ನೋಡಿದ್ರಲ್ಲ."

ಅವರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. "ಬೆಲ್ ಇದೆಯಾ?"

ಹುಡುಗಿ ಕುದುರೆಯ ಕೊರಳಿನಿಂದ ಬೆಲ್ಲು ಬಿಚ್ಚಿ ಹಿಡಿದಳು.

"ಲ್ಯಾಂಪು?"

ಅಮ್ಮ ಲ್ಯಾಂಪು ಬಿಚ್ಚಿ ಮಗಳ ಕೊರಳಿಗೆ ಕಟ್ಟಿ, ಗಂಟು ಬಿಗಿದು, ಉಳಿದ ದಾರವನ್ನು ಹಲ್ಲಿನಿಂದ ಕಡಿದಳು. ಸಾಹೇಬರು ಹುಡುಗಿಯನ್ನು ಒಂದು ಸುತ್ತು ಬಂದು, ಬೆಲ್ಲು ಬಾರಿಸಿ ನೋಡಿ, "ಸೈಕಲ್ ಎಂದು ಒಪ್ಪಲಾಗಿದೆ" ಎಂದರು. ವ್ಯಾಪಾರಿಯೂ ನ್ಯಾಯಸ್ಥ. ಕಾನೂನಿಗೆ ತಲೆಬಾಗಿ ಹಗ್ಗ ಸುತ್ತಿಕೊಂಡು ಹೋದ.

ಈಗ ಮೈಗಳ್ಳ ದಿನವೂ ಕಚೇರಿಗೆ ಹೋಗುತ್ತದೆ. ಪೂರ್ಣ ಹಾಜರಿಯ ಗೌರವಕ್ಕೆ ಅದರ ಬಿಲ್ಲೆಯನ್ನು ಸಂಜೆಯೂ ಕೊರಳಿನಿಂದ ಬಿಚ್ಚುವುದಿಲ್ಲ. ಬೀದಿಯ ತಾಯಂದಿರು ಮನೆಯಲ್ಲಿ ಬಿದ್ದುಕೊಂಡ ಮಕ್ಕಳಿಗೆ ಅದನ್ನು ತೋರಿಸಿ, "ಅವನನ್ನ ನೋಡಿ ಕಲೀರೋ" ಎನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಹುಡುಗಿ ಗೇಟಿನ ಬಳಿ ಕಾಯುತ್ತಾಳೆ, ಕಿವಿಯ ಹಿಂದೆ ಕೆರೆಯುತ್ತಾಳೆ, ಕೊರಳಲ್ಲಿ ಲ್ಯಾಂಪು ತೂಗಿಸಿಕೊಂಡು ಬೆಲ್ಲು ಬಾರಿಸುತ್ತ ಮುಂದೆ ನಡೆಯುತ್ತಾಳೆ. ಮೊನ್ನೆ ಮುಸ್ಸಂಜೆ ಒಬ್ಬ ಹೊಸ ಪೊಲೀಸಿನವನು ಅವಳನ್ನು ತಡೆದ.

"ಲ್ಯಾಂಪು ಉರೀತಿಲ್ಲ. ಯಾರದು ಈ ಸೈಕಲ್?"

ಹುಡುಗಿ ಹಿಂದಕ್ಕೆ ಕೈ ತೋರಿಸಿದಳು. ಪೊಲೀಸಿನವನು ಕುದುರೆಯ ಕೊರಳಿನ ಬಿಲ್ಲೆ ನೋಡಿ, ನೆಟ್ಟಗೆ ನಿಂತು ಸಲಾಂ ಹೊಡೆದ.

"ಗೊತ್ತಾಗಲಿಲ್ಲ ಸಾರ್. ಕತ್ತಲಾಗಿದೆ, ದೀಪ ಹಚ್ಚಿಸಿಕೊಂಡು ಹೋಗಿ."