ಕೊಸರಿಗೆ ಬಂದ ಕಲ್ಲು

ನಮ್ಮ ಮನೆ ಮುಂದಿನ ಕಲ್ಲುಸಂದಿ ತೋಟಕ್ಕೆ ಒಟ್ಟು ಖರ್ಚಾಗಿದ್ದು ನಾಲ್ಕು ಸಾವಿರದ ಎಂಟುನೂರು ರೂಪಾಯಿ. ಅದರಲ್ಲಿ ಕಲ್ಲುಗಳಿಗೆ ಕೊಟ್ಟಿದ್ದು ಬರೀ ಒಂಬೈನೂರು! ಉಳಿದಿದ್ದರಲ್ಲಿ ಬಹುಪಾಲು, ಒಡೆದ ಪೈಪಿಗೂ ಒಂದು ಕಲ್ಲನ್ನು ನಾನು ಪುಕ್ಕಟೆ ತಂದಿದ್ದಕ್ಕೆ ತಗುಲಿದ ವೆಚ್ಚ.

ನಾನು ಪೈಪು, ನಲ್ಲಿ ಮಾರುವವನು. ಸೈಕಲ್ ಮೇಲೆ ವಾಷರ್ ಮಾರುತ್ತಾ ಶುರು ಮಾಡಿ ಆನೆಕೊಂಡದಲ್ಲಿ ಸ್ವಂತ ಮನೆ ಕಟ್ಟಿದವನು. ಹೇಳಿದ ಬೆಲೆಗೆ ಒಂದು ಕಡ್ಡಿಪೆಟ್ಟಿಗೆಯನ್ನೂ ಕೊಂಡವನಲ್ಲ. ವ್ಯಾಪಾರ ಮುಗಿದ ಮೇಲೆ ಕೊಸರು ಕೇಳದೆ ಎದ್ದವನೂ ಅಲ್ಲ. ಸೊಪ್ಪು ಕೊಂಡರೆ ಮೇಲೊಂದು ಕಟ್ಟು, ಮಂಡಕ್ಕಿ ಕೊಂಡರೆ ಮೇಲೊಂದು ಹಿಡಿ. ಕೊಸರಿಲ್ಲದ ವ್ಯಾಪಾರ ಉಪ್ಪಿಲ್ಲದ ಸಾರು ಎಂಬುದು ನನ್ನ ಸಿದ್ಧಾಂತವಾಗಿತ್ತು.

ಮನೆ ಮುಂದೆ ಹತ್ತಡಿ ಉದ್ದ, ಆರಡಿ ಅಗಲದ ಜಾಗ ಐದು ವರ್ಷದಿಂದ ಬೋಳಾಗಿತ್ತು. ಕಟ್ಟಡದ ಗಾರೆ, ಇಟ್ಟಿಗೆ ಚೂರೆಲ್ಲ ಅದರಡಿಯೇ ಇದ್ದುದರಿಂದ ಗಿಡ ಹಾಕಿದರೆ ವಾರದಲ್ಲಿ ಬೈ ಹೇಳುತ್ತಿತ್ತು. ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಚಪ್ಪಡಿ ಕಲ್ಲುಗಳನ್ನು ಕಚೇರಿಯ ಫೈಲುಗಳಂತೆ ಒತ್ತೊತ್ತಾಗಿ ನಿಲ್ಲಿಸಿ, ನಡುವಿನ ಸಂದಿಗೆ ದಪ್ಪ ಮರಳು, ಜಲ್ಲಿಪುಡಿ ತುಂಬಿ ಗಿಡ ನೆಡುವುದು. ಗೊಬ್ಬರ ಬೇಡ! ನೀರೂ ಅಷ್ಟಕ್ಕಷ್ಟೆ! ಇಂಥ ತೋಟವನ್ನು ದೇವರು ನನಗಾಗಿಯೇ ಸೃಷ್ಟಿಸಿದ್ದನೆಂದು ಖಾತ್ರಿಯಾಯಿತು.

"ಮಣ್ಣಾಗೆ ಹಾಕಿದ್ದೇ ಬರ್ಲಿಲ್ಲ, ಇನ್ನು ಕಲ್ಲಾಗೆ ಬರ್ತೈತೇನ್ರೀ?" ಎಂದಳು ಹೆಂಡತಿ ಸರೋಜ.

"ಇದು ವಿಜ್ಞಾನ ಕಣೆ."

"ವಿಜ್ಞಾನ ಅಂತ ನನ್ನ ಅಡಿಗಿ ಸಾಮಾನು ಮಾತ್ರ ಮುಟ್ಟಬ್ಯಾಡ್ರಿ."

ಹರಿಹರದಲ್ಲಿ ಬಸಣ್ಣ ಎಂಬ ಕಾಳಿನ ವ್ಯಾಪಾರಿ ಹಳೇ ಮನೆಯ ಶಾಬಾದಿ ಕಲ್ಲಿನ ನೆಲ ಕೀಳಿಸಿ ಟೈಲ್ಸ್ ಹಾಕಿಸುತ್ತಿದ್ದಾನೆಂದು ಗೊತ್ತಾಯಿತು. ಹೋದೆ. ಅವನು ಎರಡು ಸಾವಿರ ಅಂದ. ನಾನು ಐನೂರು ಅಂದೆ. ಎರಡು ಲೋಟ ಚಹಾ ಅವನ ಖರ್ಚಿನಲ್ಲೇ ಮುಗಿಸಿ, ಒಂಬೈನೂರಕ್ಕೆ ಇಳಿಸಿದೆ. ಆಮೇಲೆ ನನ್ನ ಸಿದ್ಧಾಂತ ನೆನಪಾಯಿತು.

"ಕೊಸರು?"

"ಕಲ್ಲಿಗೆಂಥ ಕೊಸರು ಮಾರಾಯ!"

"ಅಗೋ, ಗ್ವಾಡಿಗೆ ಒರಗಿಸಿದ್ದೀರಲ್ಲ, ಆ ದಪ್ಪಂದು."

"ಅದಾ... ಅದು ನಮ್ಮವ್ವ..."

"ಒಂದು ಕಲ್ಲಿಗೆ ಹಿಂಗ್ ಮಾಡ್ತೀರಲ್ರೀ!"

ಒಳಗಿನಿಂದ ಟೈಲ್ಸ್ ಕೆಲಸದವನು ಸಿಮೆಂಟ್ ಮುಗಿಯಿತೆಂದು ಕೂಗಿದ. ಬಸಣ್ಣ ಕೈಬೀಸಿ, "ತಗಂಡು ಹೋಗ್ರಿ ಅತ್ಲಾಗೆ" ಅಂದ. ನಾನು ಗೆದ್ದೆ!

ಭಾನುವಾರ ಕಾಮಗಾರಿಗೆ ಚಾಲನೆ ನೀಡಿದೆ. ಮೂರನೇ ಗುದ್ದಲಿ ಪೆಟ್ಟಿಗೆ ಮನೆಯ ನೀರಿನ ಪೈಪು ಒಡೆದು ಕಾರಂಜಿ ಎದ್ದಿತು. ಆನೆ ತುಳಿದರೂ ಒಡೆಯುವುದಿಲ್ಲವೆಂದು ನಾನೇ ಊರಿಗೆಲ್ಲ ಮಾರಿದ ಪೈಪು! ನನ್ನ ಗಿರಾಕಿಯೇ ಆದ ಪ್ಲಂಬರ್ ಬಂದ. ಕೂಲಿಯಲ್ಲಿ ಬಿಡು ಅಂದೆ. "ನಿಮ್ಮ ಅಂಗಡ್ಯಾಗೆ ನೀವು ಎಷ್ಟು ಬಿಡ್ತೀರಿ ಸಾವ್ಕಾರ್ರೇ?" ಅಂದ. ಪೂರ್ತಿ ಕೊಟ್ಟೆ.

ಆಳ ಅಗೆಯುವ ಧೈರ್ಯ ಹೋಗಿತ್ತು. ಗೇಣುದ್ದ ಮಾತ್ರ ಹೂತು ಕಲ್ಲು ನಿಲ್ಲಿಸಿದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಒಂದರ ಮೇಲೊಂದು ಒರಗಿ ಮಲಗಿದ್ದವು. ಪುನಃ ಅಗೆದೆ. ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೋಗಬೇಕೆಂಬ ಜ್ಞಾನ ಬೆನ್ನು ಹಿಡಿದುಕೊಂಡ ಮೇಲೆ ಬಂತು. ಕೊಸರಿನ ದಪ್ಪ ಕಲ್ಲನ್ನು ನಟ್ಟನಡುವೆ ಇಳಿಸಿ, ಸುತ್ತಿಗೆಯಿಂದ ಮೂರು ಪೆಟ್ಟು ಹಾಕಿ ಬಿಗಿ ಮಾಡಿದೆ. ಉಳಿದವೆಲ್ಲ ಅದರ ಆಧಾರದಲ್ಲಿ ನೆಟ್ಟಗೆ ನಿಂತವು. ಸರೋಜಳ ದೋಸೆ ಮಗುಚುವ ಸಟ್ಟುಗದಿಂದಲೇ ಸಂದಿಗೆ ಗಿಡ ತುರುಕಿದೆ. ಬೀದಿಯಲ್ಲೆಲ್ಲ ಬೇಡಿ ತಂದ ಲೋಳೆಸರ, ಹತ್ತುಗಂಟೆ ಹೂವು, ದೊಡ್ಡಪತ್ರೆ. ದೊಡ್ಡಪತ್ರೆ ಮಾತ್ರ ಬೇರು ಹಿಡಿಯಿತು. ಆದರೂ ದಾರಿಹೋಕರನ್ನು ನಿಲ್ಲಿಸಿ ತೋಟ ತೋರಿಸುತ್ತಿದ್ದೆ.

ಎರಡು ವಾರಕ್ಕೆ ಬಸಣ್ಣನ ಫೋನು.

"ಅಣ್ಣಾ, ಆ ಕೊಸರು ಕಲ್ಲು ವಾಪಸ್ ಬೇಕಿತ್ತು. ಅವ್ವ ಮಾಯಕೊಂಡಕ್ಕೆ ಮಗಳ ಮನಿಗೆ ಹೋಗಿದ್ಲು. ನಿನ್ನೆ ಬಂದಾಳೆ. ಬಂದಾಗಿಂದ ಊಟ ಮಾಡಿಲ್ಲ."

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆ ಕ್ಷಣ ನನ್ನೊಳಗಿನ ವ್ಯಾಪಾರಿ ಎದ್ದು ಕುಳಿತ. ಬೇಕಾದವರು ಕೇಳಿದಾಗಲೇ ಬೆಲೆ ಏರುವುದು! "ನೋಡೋಣ, ಅದೀಗ ನಮ್ಮ ತೋಟದ ಆಧಾರಸ್ತಂಭ" ಎಂದೆ.

ಮರುದಿನ ಬೆಳಿಗ್ಗೆ ಅವ್ವ ಗೌರಜ್ಜಿಯೇ ಬಂದಿಳಿದಳು. ಹಿಂದೆ ತಲೆತಗ್ಗಿಸಿದ ಬಸಣ್ಣ.

"ನೀನೇನಾ ಕೊಸರಿನವ?"

ನಾನು ಕೈಮುಗಿದೆ. ಗೌರಜ್ಜಿ ಮೆಟ್ಟಿಲ ಮೇಲೆ ಕೂತು ತೋಟ ನೋಡಿದಳು.

"ಮಧ್ಯಾಹ್ನ ಆದ್ರೆ ನಾವು ನಾಕು ಜನ ಆ ಕಲ್ಲಿನ ಮ್ಯಾಲೆ ಚೌಕಾಬಾರ ಆಡ್ತಿದ್ವಪ್ಪ. ಅದರ ಗೆರೆ ನಮ್ಮ ಯಜಮಾನ್ರು ಉಳಿ ಹಿಡಿದು ಕೊರೆದಿದ್ದು. ಈಗ ಮನ್ಯಾಗೆ ಅವರ ಕೈಕೆಲಸ ಅಂತ ಉಳಿದಿದ್ದು ಅದೊಂದೇ. ಮನಿ ಒಳಗೆ ಬಂದ್ರೆ ಬರೀ ಟೈಲ್ಸು! ಕಾಲು ಜಾರ್ತೈತೆ, ಕವಡೆನೂ ಜಾರ್ತೈತೆ."

ಗೋಡೆಗೆ ಮುಖ ಮಾಡಿದ್ದ ಕಲ್ಲಿನ ಬೆನ್ನನ್ನು ಮಾತ್ರ ನಾನು ನೋಡಿದ್ದೆ; ಹೂಳುವಾಗಲೂ ಧೂಳು ಮೆತ್ತಿದ ಮುಖವನ್ನು ತಿರುಗಿಸಿ ನೋಡಿರಲಿಲ್ಲ. ತಕ್ಷಣ ನೆನಪಾಗಿದ್ದು ಆ ಮೂರು ಪೆಟ್ಟು. ಮಣ್ಣೊಳಗೆ ಕಲ್ಲು ಸೀಳಿದ್ದರೆ? ಬಾಯಿ ಮುಚ್ಚಿಕೊಂಡಿರಲು ನಿರ್ಧರಿಸಿದೆ.

"ಅಯ್ಯೋ, ಅದಕ್ಕೆ ಸುತ್ತಿಗೆಲಿ ಹೊಡೆದಿದ್ರಲ್ರೀ!" ಎಂದಳು ಸರೋಜ.

ಅಜ್ಜಿ ಎದ್ದು ಕಲ್ಲಿನ ಹತ್ತಿರ ಹೋಗಿ ನಿಂತಳು.

ನಾನು, ಬಸಣ್ಣ ಹಾರೆ ಹಾಕಿ ಮೀಟಿದೆವು. ನಡುವಿನ ಕಲ್ಲು ಮೇಲೆದ್ದಿತು. ಅದನ್ನೇ ಕಾಯುತ್ತಿದ್ದಂತೆ ಎರಡೂ ಕಡೆಯವು ಧಡಧಡ ಒಳಗೆ ಉರುಳಿದವು. ನನ್ನ ತೋಟ ಮುಗಿಯಿತು! ಅದರ ಕಡೆ ತಿರುಗಿಯೂ ನೋಡದೆ ಕಲ್ಲಿನ ಮೇಲೆ ಬಕೆಟ್ ನೀರು ಸುರಿದೆ. ಕೆಸರು ಇಳಿಯಿತು. ಒಂದು ಗೆರೆ ಕಂಡಿತು. ಮತ್ತೊಂದು. ಅಜ್ಜಿ ಬೆರಳಿಟ್ಟು ಆಟದ ಮನೆ ಎಣಿಸತೊಡಗಿದಳು.

"ಇಪ್ಪತ್ನಾಕು... ಇಪ್ಪತ್ತೈದು."

ಒಡೆದದ್ದು ಒಂದು ಮೂಲೆ ಮಾತ್ರ. ಗೆರೆಯಿಂದ ಎರಡು ಬೆರಳು ಆಚೆ! ಅಜ್ಜಿ ಎಲೆಅಡಿಕೆ ಚೀಲದಿಂದ ನಾಲ್ಕು ಕವಡೆ ತೆಗೆದು ಎಸೆದಳು. ನಾಲ್ಕೂ ಬೋರಲು.

"ಭಾರ ಬಿತ್ತು, ಪೂರಾ ಎಂಟು. ಆಡ್ತೈತೆ ಬಿಡು. ಏನವ್ವಾ, ತಿನ್ನಾಕೆ ಏನೈತೆ?"

ಸರೋಜ ದೋಸೆ ಹುಯ್ಯಲು ಓಡಿದಳು. ನಾನು ಅಲ್ಲೇ ಕೆಸರಲ್ಲಿ ಕೂತುಬಿಟ್ಟೆ. ಯಾವ ಲಾಭ ಬಂದಾಗಲೂ ಎದೆ ಇಷ್ಟು ಹಗುರಾಗಿರಲಿಲ್ಲ.

ನಾಲ್ಕು ದೋಸೆ ಮುಗಿಸಿ ಅಜ್ಜಿ ಎದ್ದಳು. "ಒಯ್ದೋನೇ ತಂದು ಹಾಕ್ಬೇಕು. ಆಟೋ ಬಾಡಿಗೆ ನಿಂದು."

"ಆತಜ್ಜಿ." ಹೇಳಿದ ಮಾತಿಗೆ ಹಾಗೇ ಒಪ್ಪಿದ್ದು ಜೀವಮಾನದಲ್ಲಿ ಅದೇ ಮೊದಲು.

"ಮತ್ತೆ ಕೊಸರು?"

"ಕೊಸರಾ?"

"ನೀನು ಕೊಸರು ಕೇಳೇ ಅಲ್ವೇನೋ ನನ್ನ ಕಲ್ಲು ಒಯ್ದಿದ್ದು?" ಎಂದು ದೊಡ್ಡಪತ್ರೆ ತೋರಿಸಿದಳು. ತೋಟದಲ್ಲಿ ಬದುಕಿದ್ದ ಒಂದೇ ಒಂದು ಗಿಡ! ಸರೋಜ ಅದನ್ನು ದೋಸೆ ಸಟ್ಟುಗದಿಂದಲೇ ಬೇರುಸಮೇತ ಎತ್ತಿ, ನಗುತ್ತಾ ಅಜ್ಜಿಯ ಸೆರಗಿಗೆ ಹಾಕಿದಳು.

ಆದ್ದರಿಂದ ಓದುಗರೇ, ಕಲ್ಲುಸಂದಿ ತೋಟ ಮಾಡುವವರು ಮೊದಲು ಪೈಪು ಎಲ್ಲಿದೆ ನೋಡಿಕೊಳ್ಳಿ. ಕಲ್ಲನ್ನು ಮೂರರಲ್ಲಿ ಎರಡು ಪಾಲು ಹೂಳಿ, ಜಿಪುಣತನ ಬೇಡ. ಹಳೇ ಮನೆಯ ಕಲ್ಲಾದರೆ ಎರಡೂ ಮಗ್ಗುಲು ತಿರುಗಿಸಿ ನೋಡಿ. ಆ ಮನೆಯ ಅಜ್ಜಿ ಊರಲ್ಲಿದ್ದಾಗಲೇ ವ್ಯಾಪಾರ ಮಾಡಿ. ಉಳಿದ ಕಲ್ಲುಗಳು ನಮ್ಮ ಅಂಗಳದಲ್ಲಿ ಇನ್ನೂ ಬಿದ್ದಿವೆ. ಬೇಕಾದವರು ಬಂದು ಒಯ್ಯಬಹುದು, ಹಣ ಬೇಡ. ಕೊಸರಿಗೆ ನನ್ನ ಸುತ್ತಿಗೆಯನ್ನೂ ಕೊಡುತ್ತೇನೆ!