ಮಾವನ ಬಾಯಲ್ಲಿ ತಿರುಗದ ಕಾಯಿಲೆ

ಕಾಯಿಲೆ ಬಂದವನಿಗೆ ಔಷಧಿಗಿಂತ ಮೊದಲು ಬೇಕಾದದ್ದು ನಾಲ್ಕು ಜನರ ಬಾಯಲ್ಲಿ ಸಲೀಸಾಗಿ ತಿರುಗುವ ಒಂದು ಹೆಸರು. ಕಾಮಾಲೆ ಎಂದರೆ ಯಾರಾದರೂ ನೆಲನೆಲ್ಲಿ ತಂದುಕೊಡುತ್ತಾರೆ, ವಾತ ಎಂದರೆ ಎಣ್ಣೆ ಕಾಯಿಸುತ್ತಾರೆ. ನನಗೆ ಬಂದದ್ದಕ್ಕೆ ಅಂಥ ಹೆಸರಿರಲಿಲ್ಲ. ಕೆಮ್ಮಿ ಪಟ್ಟ ಪಾಡಿಗಿಂತ ಹೆಸರಿಲ್ಲದೆ ಪಟ್ಟ ಪಾಡೇ ಹೆಚ್ಚು.

ಅರವತ್ತರ ದಶಕದ ಮಾತು. ನಾನು ತಮಿಳುನಾಡಿನ ತೇನಿಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ರಂಗಮ್ಮ ಓಡೈಪಟ್ಟಿಯವಳು. ಅವಳಪ್ಪನಿಗೆ ಅಲ್ಲಿ ದ್ರಾಕ್ಷಿ ತೋಟ. ಎರಡೂ ಮನೆಯ ಮಾತು ತಮಿಳು ಬೆರೆತ ಕನ್ನಡ. ಜಗಳ ಬಲಿತಾಗ ಮಾತ್ರ ಪೂರ್ತಿ ತಮಿಳು. ಆ ವರ್ಷ ನನಗೆ ಒಣಕೆಮ್ಮು ಹತ್ತಿತು. ಹಗಲೆಲ್ಲ ಸುಮ್ಮನಿದ್ದು, ತಲೆ ದಿಂಬಿಗಿಟ್ಟೊಡನೆ ಶುರು. ಎದೆಯೊಳಗೆ ಬೆಕ್ಕು ಕೂತಂತೆ ಗೊರಗೊರ. ರಂಗಮ್ಮ ಎದ್ದು ಮೆಣಸಿನ ಕಷಾಯ ಕಾಯಿಸುವಳು, ಬೆನ್ನು ನೀವುವಳು. ನಾನು ಸೊರಗಿದೆ. ಸುದ್ದಿ ತಿಳಿದು ಮಾವ ಬಂದರು, ಒಂದು ರಾತ್ರಿ ನನ್ನ ಕೆಮ್ಮು ಕೇಳಿದರು. ಬೆಳಿಗ್ಗೆ, “ಮಾಪಿಳ್ಳೆ, ನಿಮಗೆ ಒಳ್ಳೇದಾಗೋಗಂಟ ಮಗಳು ನಮ್ಮಲ್ಲೇ ಇರ್ಲಿ” ಎಂದರು. ಅಳಿಯನನ್ನು ನಮ್ಮ ಕಡೆ ಮಾಪಿಳ್ಳೆ ಎಂದೇ ಕರೆಯುವುದು. ಕ್ಷಯ ಎಂಬ ಮಾತನ್ನು ಅವರು ಆಡಲಿಲ್ಲ. ನಾನು ಕುಡಿದಿಟ್ಟ ಲೋಟದಿಂದ ಸ್ವಲ್ಪ ದೂರ ಸರಿದು ಕೂತರು, ಅಷ್ಟೆ.

ರಂಗಮ್ಮ ಹೋದ ಮೇಲೆ, ಅಪ್ಪ ಅಮ್ಮ ತಮ್ಮಂದಿರು ಎಂದು ಮನೆಯಲ್ಲಿ ಅಷ್ಟು ಜನರಿದ್ದೂ ನನಗೆ ಮನೆ ಖಾಲಿ. ಓಡೈಪಟ್ಟಿಯ ಗಾಡಿ ಮಂಡಿಗೆ ಬಂದರೆ ಗಾಡಿಯವನಿಗೆ ಕಾಫಿ ಕೊಡಿಸಿ ಊರ ಸಮಾಚಾರ ಕೇಳುತ್ತಿದ್ದೆ. ಹೆಂಡತಿಯ ಬಗ್ಗೆ ಕೇಳಲು ನಾಚಿಕೆ. ಆದ್ದರಿಂದ ಬಾವಿಗಳ ಬಗ್ಗೆ ಕೇಳುತ್ತಿದ್ದೆ. ಓಡೈಪಟ್ಟಿಯ ಬಾವಿಗಳಲ್ಲಿ ನೀರು ಎಷ್ಟಿದೆಯೆಂದು ನನಗೆ ತಿಳಿದಿದ್ದಷ್ಟು ಆ ಊರವರಿಗೂ ತಿಳಿದಿರಲಿಕ್ಕಿಲ್ಲ.

ತಡೆಯಲಾರದೆ ಒಂದು ಭಾನುವಾರ ನಾನೇ ಹೋದೆ. ಮಾವ ಜಗುಲಿಯಲ್ಲೇ ಕೂರಿಸಿದರು. ಬಾಗಿಲ ಹಿಂದೆ ಬಳೆಯ ಸದ್ದು. ಈಗ ಕೆಮ್ಮಿದರೆ ಕೆಟ್ಟೆ ಎಂದು ಬಿಗಿಹಿಡಿದೆ. ಮುಖ ಕೆಂಪೇರಿ ಕಣ್ಣಿಂದ ನೀರು ಇಳಿಯಿತು. ಅತ್ತೆ ನೋಡಿ, “ಪಾವಂ, ಹೆಂಡ್ತೀನ ನೆನ್ಸಿ ಅಳ್ತಾವ್ರೆ” ಎಂದು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಕೆಮ್ಮಿನ ನೀರು ಎಂದು ಹೇಳುವಂತಿಲ್ಲ. ನಿಜಕ್ಕೂ ಅದರಲ್ಲಿ ಯಾವುದರ ಪಾಲು ಎಷ್ಟೆಂದು ನನಗೂ ಗೊತ್ತಿಲ್ಲ. ಅತ್ತೆ ಗಂಡನಿಗೆ, “ದಿಂಡಿಗಲ್‌ಗೆ ಕರ್ಕೊಂಡೋಗಿ ತೋರ್ಸಿ. ಸುಮ್ನೆ ಕುಂತು ಹುಡುಗನ್ನ ಅಳಸ್ಬೇಡಿ” ಎಂದರು.

ದಿಂಡಿಗಲ್ಲಿನ ಡಾಕ್ಟರು ಎದೆಯ ಚಿತ್ರ ತೆಗೆಸಿದರು, ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಿದರು. “ಕ್ಷಯ ಅಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿಯ ಕಣ ಮಿತಿಮೀರಿದೆ. ಕೆಲವರಿಗೆ ಹೊಟ್ಟೆಹುಳದಿಂದ, ಕೆಲವರಿಗೆ ಉಬ್ಬಸದಿಂದ ಹೀಗಾಗುತ್ತೆ. ನಿಮಗೆ ಸೊಳ್ಳೆ ಕಚ್ಚಿ ಒಳಸೇರಿದ ಹುಳದಿಂದ ಇರಬೇಕು. ಮಾತ್ರೆಗೆ ಹೋಗುತ್ತೆ. ನಿಮ್ಮ ಕೆಮ್ಮು ಪಕ್ಕದಲ್ಲಿರೋರಿಗೆ ಅಂಟೋದಿಲ್ಲ” ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು.

ವಾಪಸು ಬಸ್ಸಿನಲ್ಲಿ ಮಾವ ಹೆಸರನ್ನು ಬಾಯಿಪಾಠ ಮಾಡತೊಡಗಿದರು. “ಈಸನೋ... ಈಸನೋ...” ಎಂಬಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಶಿವನಾಮವೆಂದು ತಿಳಿದು ವತ್ತಲಗುಂಡಿನವರೆಗೂ ಕೈಮುಗಿದುಕೊಂಡಿದ್ದಳು. ಓಡೈಪಟ್ಟಿ ತಲುಪಿದರೂ ಮಾವನ ಅನುಮಾನ ಹೋಗಿರಲಿಲ್ಲ. “ಹೆಸರೇ ಇಷ್ಟುದ್ದ ಇದ್ರೆ ಕಾಯ್ಲೆ ಚಿಕ್ಕದಿರ್ತದಾ? ಮಾತ್ರೆ ಮುಗೀಲಿ, ಆಮೇಲೆ ಕಳಿಸ್ತೀನಿ.”

ಅಷ್ಟರಲ್ಲಿ ರಂಗಮ್ಮ ತಗಡಿನ ಪೆಟ್ಟಿಗೆ ಹಿಡಿದು ಹೊರಬಂದಳು. “ಅಪ್ಪಾ, ನೀನು ಹೆಸರು ಕಲ್ತು ನಿಧಾನಕ್ಕೆ ಬಾ. ನಾನು ಹೋಗ್ತೀನಿ.”

ಮಾತ್ರೆ ಮೊದಮೊದಲು ಜ್ವರ ಬರಿಸಿದರೂ ಕೆಮ್ಮನ್ನು ಓಡಿಸಿತು. ತವರಲ್ಲಿದ್ದಾಗ ಒಳಗೇ ಉಳಿದಿದ್ದ ಮಾತನ್ನೆಲ್ಲ ರಂಗಮ್ಮ ರಾತ್ರಿ ದೀಪ ಆರಿಸಿದ ಮೇಲೆ ಹೇಳತೊಡಗಿದಳು. ನಾನು ಹೂಂಗುಟ್ಟುತ್ತಿದ್ದೆ. ಒಂದು ಬೆಳಿಗ್ಗೆ ಕೇಳಿದಳು:

“ಮಾಮ, ನೆನ್ನೆ ಹೂಂ ಅಂದ್ರಲ್ಲ, ಏನಕ್ಕೆ ಅಂದ್ರಿ?”

ನಾನು ಟವಲು ಹೆಗಲಿಗೆ ಹಾಕಿಕೊಂಡು ಬಾವಿಯ ಕಡೆ ಹೊರಟೆ.

“ನನ್ನ ತಂಗೀನೂ ನೀವೇ ಕಟ್ಕೋತೀರಾ ಅಂತ ಕೇಳಿದ್ದೆ.”

ಕೆಮ್ಮು ಬಿಟ್ಟವನಿಗೆ ಹೂಂಗುಟ್ಟುತ್ತಲೇ ನಿದ್ದೆ ಬರುತ್ತಿತ್ತು. ಈಗ ಈ ಮುಪ್ಪಿನಲ್ಲಿ ನಿದ್ದೆಯೂ ಉಳಿದಿಲ್ಲ, ರಂಗಮ್ಮನೂ ಉಳಿದಿಲ್ಲ. ಅವಳು ಹೇಳಿದ್ದನ್ನಾದರೂ ನೆನೆಯೋಣವೆಂದು ಕೂತರೆ, ನೆನಪಿಗೆ ಬರುವುದು ನನ್ನ ಹೂಂ ಮಾತ್ರ.